ಬಲಕ್ಕೆ ತಿರುಗುವಾಗ ಬಲಗಡೆಯಿಂದಲೇ ನುಗ್ಗಿದ, ತಪ್ಪು ಯಾರದು?

ಮಂಡಕ್ಕಿ ಗಾಡಿ, ದಾವಣಗೆರೆ

ಮಂಡಕ್ಕಿ ಭಟ್ಟಿಯಿಂದ ಅಂಗಡಿಗಳಿಗೆ ಚೀಲ ಹಾಕುವುದು ನನ್ನ ಕೆಲಸ. ಗಾಡಿ ಟಿವಿಎಸ್ ಎಕ್ಸ್‌ಎಲ್. ಮೊನ್ನೆ ಬೆಳಿಗ್ಗೆ ಪಿಬಿ ರಸ್ತೆಯ ಒಂದು ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕಿತ್ತು. ಇಂಡಿಕೇಟರ್ ಹಾಕಿದೆ, ಸ್ಪೀಡ್ ಇಳಿಸಿದೆ, ಹ್ಯಾಂಡಲ್ ತಿರುಗಿಸಿದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಬೈಕಿನಲ್ಲಿ ನನಗೂ ಡಿವೈಡರ್‌ಗೂ ನಡುವಿನ ಸಂದಿಯಲ್ಲೇ ನುಗ್ಗಿದ. ಅವನ ಹ್ಯಾಂಡಲ್ ನನ್ನ ಚೀಲಕ್ಕೆ ಸಿಕ್ಕಿ ಇಬ್ಬರೂ ಬಿದ್ದೆವು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎರಡು ಚೀಲ ಒಡೆದು ಮಂಡಕ್ಕಿ ರಸ್ತೆ ತುಂಬ. ಅರ್ಧ ಗಾಳಿಗೆ ಹೋಯಿತು, ಉಳಿದದ್ದನ್ನು ಎರಡು ಹಸು ಬಂದು ಮುಗಿಸಿದವು.

ಹುಡುಗ ಎದ್ದವನೇ "ನೋಡ್ಕೊಂಡು ತಿರುಗ್ಸೋಕೆ ಆಗಲ್ವಾ ಯಜಮಾನ್ರೆ" ಅಂತ ನನಗೇ ಜೋರು ಮಾಡಿದ. ಹೆಡ್‌ಲೈಟಿನ ದುಡ್ಡು ಕೊಡಬೇಕಂತೆ. ಸೇರಿದ ಜನ "ಐನೂರು ಕೊಟ್ಟು ಮುಗಿಸಿ" ಅಂದರು. ನಾನು ಕೊಡಲಿಲ್ಲ. ಈಗ ದಿನಾ ಫೋನ್ ಮಾಡುತ್ತಾನೆ. ಕಾನೂನು ಏನು ಹೇಳುತ್ತದೆ, ಗೊತ್ತಿದ್ದವರು ಹೇಳಿ.

ಕರಿಕೋಟು

ಅಣ್ಣಾ, ಸಾಮಾನ್ಯವಾಗಿ ಬಲಗಡೆಯಿಂದಲೇ ಓವರ್‌ಟೇಕ್ ಮಾಡಬೇಕು. ಆದರೆ ಮುಂದಿನ ಗಾಡಿ ರಸ್ತೆ ಮಧ್ಯಕ್ಕೆ ಬಂದು ಬಲಕ್ಕೆ ತಿರುಗುವ ಸೂಚನೆ ಕೊಟ್ಟಿದ್ದರೆ ಎಡದಿಂದ ಹೋಗಬೇಕು. ಜಂಕ್ಷನ್ ಹತ್ತಿರ ಬಂದಾಗ ಸ್ಪೀಡ್ ಇಳಿಸುವುದೂ ಕಡ್ಡಾಯ. ಆ ಹುಡುಗ ಎರಡನ್ನೂ ಮಾಡಿಲ್ಲ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184 ನೋಡಿ. 2019ರ ತಿದ್ದುಪಡಿಯಲ್ಲಿ ಸಿಗ್ನಲ್ ಜಂಪ್, ರಾಂಗ್ ಸೈಡ್, ಓಡಿಸುತ್ತಾ ಕೈಯಲ್ಲಿ ಮೊಬೈಲ್ ಹಿಡಿಯುವುದು, ನಿಯಮ ಮೀರಿದ ಓವರ್‌ಟೇಕ್, ಎಲ್ಲವನ್ನೂ ಹೆಸರಿಸಿಯೇ ಅಪಾಯಕಾರಿ ಚಾಲನೆಗೆ ಸೇರಿಸಿದ್ದಾರೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ದಂಡ 10,000, ಜೈಲು 2 ವರ್ಷದ ತನಕ. ಇದಲ್ಲದೆ ರಸ್ತೆಯಲ್ಲಿ ಅಜಾಗರೂಕವಾಗಿ ಗಾಡಿ ಓಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281 ಇದೆ, ಹಳೆಯ ಐಪಿಸಿ 279ರ ಜಾಗದಲ್ಲಿ ಬಂದದ್ದು. ಸುಮ್ನೆ ಐನೂರು ಕೊಡಬೇಡಿ.

ಆಟೋ ಸ್ಟ್ಯಾಂಡ್

ಸೆಕ್ಷನ್ ಆಮೇಲೆ. ಮೊದಲು ಆ ಮೂಲೆಯ ಅಂಗಡಿಯ ಕ್ಯಾಮೆರಾದಲ್ಲಿ ಏನಾದರೂ ಇದೆಯಾ ಕೇಳಿ. ಸ್ವಲ್ಪ ದಿನಕ್ಕೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಅಳಿಸಿಹೋಗುತ್ತದೆ. ನಾನು ಒಮ್ಮೆ ಹದಿನೈದು ದಿನ ಬಿಟ್ಟು ಹೋಗಿ ಬೆಪ್ಪಾಗಿದ್ದೆ.

ಎರಡು ಕಡೆ ನೋಡುವವ

ಯಜಮಾನ್ರೆ, ಬೇಜಾರಾಗಬೇಡಿ, ಎರಡು ಪ್ರಶ್ನೆ. ಒಂದು, ನಿಮಗೂ ಡಿವೈಡರ್‌ಗೂ ನಡುವೆ ಬೈಕ್ ನುಗ್ಗುವಷ್ಟು ಜಾಗ ಹೇಗೆ ಉಳಿಯಿತು? ಬಲಕ್ಕೆ ತಿರುಗುವವರು ಮೊದಲೇ ಡಿವೈಡರ್ ಪಕ್ಕಕ್ಕೆ ಬಂದಿರಬೇಕು ಅಲ್ವಾ. ಎರಡು, ಎಕ್ಸ್‌ಎಲ್ ಮೇಲೆ ಮಂಡಕ್ಕಿ ಚೀಲ ಕಟ್ಟಿದರೆ ಹಿಂದಿನ ಇಂಡಿಕೇಟರ್ ಕಾಣುತ್ತದಾ? ಲೋಡ್ ಪಕ್ಕಕ್ಕೆ ಚಾಚಿದರೆ ಅದಕ್ಕೂ ಸೆಕ್ಷನ್ 194 ಇದೆ. ಕೇಸ್ ಆದರೆ ಅವನ ವಕೀಲ ಮೊದಲು ಕೇಳುವುದೇ ಇದನ್ನು. ಇಬ್ಬರದೂ ತಪ್ಪಿದ್ದರೆ ಪರಿಹಾರವನ್ನೂ ಪಾಲು ಹಾಕುತ್ತಾರೆ.

ಮಂಡಕ್ಕಿ ಗಾಡಿ, ದಾವಣಗೆರೆ

ನಿನ್ನೆ ಇದನ್ನು ಓದಿ ಸಿಟ್ಟು ಬಂತು. ಆಮೇಲೆ ಚೀಲ ಕಟ್ಟಿ, ಇಂಡಿಕೇಟರ್ ಹಾಕಿ, ಹಿಂದೆ ಹೋಗಿ ನಿಂತು ನೋಡಿದೆ. ಕಾಣಲಿಲ್ಲ. ಒಂದು ಚೂರೂ ಇಲ್ಲ. ಎಷ್ಟು ವರ್ಷದಿಂದ ಸುಮ್ನೆ ಟಿಕ್ ಟಿಕ್ ಅನ್ನಿಸಿಕೊಂಡು ಓಡಾಡಿದ್ದೇನೋ. ಕೈ ತೋರಿಸೋಣ ಅಂದರೆ ಬಲಗೈ ಆಕ್ಸಿಲರೇಟರ್ ಮೇಲೆ. ತೋರಿಸಬಹುದು, ತೋರಿಸುತ್ತಿರಲಿಲ್ಲ ಅಷ್ಟೇ. ಡಿವೈಡರ್ ವಿಷಯವೂ ನಿಜ, ನಾನು ರಸ್ತೆ ನಡುವಿನಿಂದ ತಿರುಗಿಸಿದ್ದೆ.

ಆದರೂ ಸರ್ಕಲ್ಲಿನಲ್ಲಿ ಆ ಸ್ಪೀಡಿನಲ್ಲಿ ನುಗ್ಗಿದ್ದು ಅವನೇ. ಇವತ್ತು ಫೋನ್ ಮಾಡಿದಾಗ ಹೇಳಿದೆ, ನಿನ್ನ ಹೆಡ್‌ಲೈಟು ನಿನಗೆ, ನನ್ನ ಮಂಡಕ್ಕಿ ನನಗೆ, ಒಪ್ಪದಿದ್ದರೆ ಠಾಣೆಗೆ ಬಾ, 184 ಅಂತ ಒಂದು ಇದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಬಿಡಿ" ಅಂದ. ನಾನೀಗ ಪಕ್ಕದ ಚೀಲ ಬಿಟ್ಟಿದ್ದೇನೆ. ದಿನಕ್ಕೆ ಎರಡು ಟ್ರಿಪ್ ಜಾಸ್ತಿ, ಪೆಟ್ರೋಲ್ ಲೆಕ್ಕ ಇನ್ನೂ ಹಾಕಿಲ್ಲ.