ಎಸ್-ಲಾಗ್3 ಹಾಕಿದರೂ 9 ಸ್ಟಾಪೇ? ಸೋನಿ ಎ7 ತ್ರೀ ಪಿಕ್ಚರ್ ಪ್ರೊಫೈಲ್ ಪರೀಕ್ಷೆಯಲ್ಲಿ ಎಲ್ಲೋ ಎಡವಟ್ಟು

ಬೂದುಪಟ್ಟಿ:
ಕ್ಯಾಮೆರಾ ಸೋನಿ ಎ7 ತ್ರೀ, ಲೆನ್ಸ್ 50 ಎಂಎಂ. ಸ್ಟೌಫರ್ ಟಿ4110 ಫಿಲ್ಮ್ ಪಟ್ಟಿಯನ್ನು (41 ಮೆಟ್ಟಿಲು, ಪ್ರತಿ ಮೂರು ಮೆಟ್ಟಿಲಿಗೆ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧ) ಎಲ್‌ಇಡಿ ಟ್ರೇಸಿಂಗ್ ಪ್ಯಾಡ್ ಮೇಲೆ ಅಂಟಿಸಿ, ಕೋಣೆ ಕತ್ತಲು ಮಾಡಿ ಶೂಟ್ ಮಾಡಿದ್ದು. ಎಫ್8, 1/50, ಐಎಸ್‌ಓ 800. ಪಿಕ್ಚರ್ ಪ್ರೊಫೈಲ್ (ಪಿಪಿ) ಆಫ್, ಪಿಪಿ7 (ಎಸ್-ಲಾಗ್2), ಪಿಪಿ8 (ಎಸ್-ಲಾಗ್3), ಪಿಪಿ10 (ಎಚ್‌ಎಲ್‌ಜಿ) ನಾಲ್ಕಕ್ಕೂ ಇದೇ ಸೆಟ್ಟಿಂಗ್, ಹೋಲಿಕೆ ಸರಿಯಾಗಿರಲಿ ಅಂತ ಏನನ್ನೂ ಮುಟ್ಟಿಲ್ಲ. ಪಿಪಿ8ರಲ್ಲಿ ಮೊದಲ ಮೆಟ್ಟಿಲು 8-ಬಿಟ್ ಲೆಕ್ಕದಲ್ಲಿ 170 ಬರುತ್ತಿದೆ, 28ನೇ ಮೆಟ್ಟಿಲಿನಿಂದ ಆಚೆ ಎಲ್ಲಾ ಒಂದೇ ಬೂದಿ ಬಣ್ಣ. ಅಂದರೆ 9 ಸ್ಟಾಪ್. ಪಿಪಿ ಆಫ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೆ ಹೆಚ್ಚು ಸ್ಟಾಪ್ ಹಿಡಿಯಲಿ ಅಂತ ಇರುವ ಲಾಗ್‌ನಿಂದ ಲಾಭ ಏನು? ನನ್ನ ಕ್ಯಾಮೆರಾದಲ್ಲೇ ದೋಷ ಇದೆಯಾ?

ವೇವ್‌ಫಾರ್ಮ್:
ಕ್ಯಾಮೆರಾ ಚೆನ್ನಾಗಿಯೇ ಇದೆ ಸರ್. ಏನನ್ನೂ ಮುಟ್ಟದೇ ಇದ್ದಿದ್ದೇ ತಪ್ಪು.

ಸೆನ್ಸರ್‌ನ ಸಾಮರ್ಥ್ಯ ಪ್ರೊಫೈಲ್ ಬದಲಿಸಿದರೆ ಬದಲಾಗಲ್ಲ. ಅದು ಹಿಡಿದದ್ದನ್ನು ಫೈಲಿನೊಳಗೆ ಹೇಗೆ ಮಡಚಿಡಬೇಕು ಅನ್ನೋದಷ್ಟೇ ಪ್ರೊಫೈಲ್‌ನ ಕೆಲಸ. ಈ ಕ್ಯಾಮೆರಾದಲ್ಲಿ ಎಸ್-ಲಾಗ್‌ನ ಕನಿಷ್ಠ ಐಎಸ್‌ಓ 800, ಎಚ್‌ಎಲ್‌ಜಿಯದು 125, ಪಿಪಿ ಆಫ್‌ನದು 100. ಸಂಖ್ಯೆ ಬೇರೆ ಬೇರೆ ಕಂಡರೂ ಸೆನ್ಸರ್ ಹೆಚ್ಚುಕಡಿಮೆ ಒಂದೇ ಗೇನ್‌ನಲ್ಲಿ (ಸಿಗ್ನಲ್ ವರ್ಧನೆ) ಇರುತ್ತೆ. ನೀವು ಪಿಪಿ ಆಫ್ ಅನ್ನೂ 800ಕ್ಕೆ ಏರಿಸಿದಿರಿ, ಅದರ ಹೈಲೈಟ್ 3 ಸ್ಟಾಪ್ ಮೊದಲೇ ಹಾರಿಹೋಯಿತು. ಪ್ರತಿ ಪ್ರೊಫೈಲ್‌ಗೂ ಅದರದೇ ಕನಿಷ್ಠ ಐಎಸ್‌ಓ ಇಡಿ. ಅಪರ್ಚರ್, ಶಟರ್, ಬೆಳಕು ಮಾತ್ರ ಒಂದೇ ಇರಲಿ.

ಪಿಪಿ8ರ ಕಥೆ ತಿರುಗುಮುರುಗು. ಎಸ್-ಲಾಗ್3 ಈ ಕ್ಯಾಮೆರಾದಲ್ಲಿ ಕ್ಲಿಪ್ ಆಗುವುದು (ಮೇಲಿನ ಮಿತಿ ಮುಟ್ಟಿ ವಿವರ ಹೋಗುವುದು) 94% ಹತ್ತಿರ, 8-ಬಿಟ್‌ನಲ್ಲಿ (16 ಅಂದರೆ 0%, 235 ಅಂದರೆ 100%) ಸುಮಾರು 222. ನಿಮ್ಮದು 170ಕ್ಕೇ ನಿಂತಿದೆ. ಎಸ್-ಲಾಗ್3ರ ಮೇಲ್ಭಾಗದಲ್ಲಿ ಒಂದು ಸ್ಟಾಪ್‌ಗೆ ಸುಮಾರು 19.7 ಅಂಕ, ಹಾಗಾಗಿ 2.6 ಸ್ಟಾಪ್ ಜಾಗ ಮೇಲೆ ಖಾಲಿ ಬಿದ್ದಿದೆ. ಆ ಮೆಟ್ಟಿಲುಗಳೆಲ್ಲ ಕೆಳಗೆ ಕತ್ತಲಲ್ಲಿ ಮುಳುಗಿವೆ. ಎಫ್4, 1/25ಕ್ಕೆ ಬನ್ನಿ. ಮೊದಲ ಮೆಟ್ಟಿಲು ಕ್ಲಿಪ್ ಆಗುತ್ತೆ. ಆಮೇಲೆ ಎಫ್4.5 ಮಾಡಿದರೆ ಕ್ಲಿಪ್‌ನ ಅಂಚಿಗೆ ಬಂದು ನಿಲ್ಲುತ್ತೆ. ಅಲ್ಲಿಂದ ಕೆಳಕ್ಕೆ ಎಣಿಸಿ.

ಶಟರ್ 1/25, 1/50, 1/100 ಬಿಟ್ಟು ಬೇರೆ ಕಡೆ ಹೋಗಬೇಡಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಪ್ಯಾಡ್ ಸೆಕೆಂಡಿಗೆ 100 ಸಲ ಮಿಣುಕುತ್ತೆ, ಫ್ರೇಮಿಗೆ ಅಡ್ಡ ಪಟ್ಟೆ ಬೀಳುತ್ತೆ. ಪ್ಯಾಡ್‌ನ ಬ್ರೈಟ್‌ನೆಸ್ ಪೂರ್ತಿ ಇಡಿ, ಡಿಮ್ ಮಾಡಿದರೆ ಮಿಣುಕು ಇನ್ನೂ ಜಾಸ್ತಿ.

ಕಪ್ಪುಕಾಗದ:
ಮೇಲಿನದರ ಜೊತೆಗೆ ಇನ್ನೊಂದು. ಪಟ್ಟಿಯ ಸುತ್ತ ಪ್ಯಾಡ್ ಬರಿದಾಗಿ ಹೊಳೆಯುತ್ತಿದೆಯಾ? "ಎಲ್ಲಾ ಒಂದೇ ಬೂದಿ ಬಣ್ಣ" ಅಂದಾಗಲೇ ನನಗೆ ಅನುಮಾನ ಬಂತು. ನಾಯ್ಸ್‌ನಲ್ಲಿ ಮುಳುಗಿದ ಮೆಟ್ಟಿಲು ಕಾಳುಕಾಳಾಗಿ ಕಾಣುತ್ತೆ. ಹಾಲು ಬೆರೆಸಿದ ಹಾಗೆ ನುಣ್ಣಗೆ ಕಂಡರೆ ಅದು ಲೆನ್ಸ್ ಫ್ಲೇರ್.

ಡೆನ್ಸಿಟಿ (ಫಿಲ್ಮ್‌ನ ಕಪ್ಪಿನ ಅಳತೆ) 3.65ರ 37ನೇ ಮೆಟ್ಟಿಲು ಮೊದಲನೆಯದಕ್ಕಿಂತ 12 ಸ್ಟಾಪ್ ಕೆಳಗೆ, ಅಂದರೆ 1/4096ರಷ್ಟು ಬೆಳಕು. ಲೆನ್ಸ್‌ನೊಳಗೆ ಸಾವಿರಕ್ಕೆ ಒಂದು ಪಾಲು ಬೆಳಕು ಚೆದುರಿದರೂ ಆ ಮೆಟ್ಟಿಲಿನ ಸ್ವಂತ ಬೆಳಕಿಗಿಂತ ನಾಲ್ಕು ಪಟ್ಟು ಆಯಿತು. ಪಟ್ಟಿಯಷ್ಟೇ ಕಾಣುವಂತೆ ಕಿಂಡಿ ಕೊರೆದ ಕಪ್ಪು ಡ್ರಾಯಿಂಗ್ ಶೀಟ್ ಮುಚ್ಚಿ. ಒಂದೇ ಪದರ ಆದರೆ ಬೆಳಕು ಸೋರುತ್ತೆ, ಅಡಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಇಡಿ, ಮೇಲೆ ಕಪ್ಪು ಬರಲಿ. ಲೆನ್ಸ್ ಮುಂದಿನ ಯುವಿ ಫಿಲ್ಟರ್ ತೆಗೆಯಿರಿ.

ಖಾತ್ರಿ ಮಾಡಿಕೊಳ್ಳೋಕೆ: 1ರಿಂದ 15ನೇ ಮೆಟ್ಟಿಲಿನವರೆಗೆ ಕಪ್ಪು ಟೇಪ್ ಅಂಟಿಸಿ ಇನ್ನೊಂದು ಸಲ ಶೂಟ್ ಮಾಡಿ. ಕೊನೆಯ ಮೆಟ್ಟಿಲುಗಳ ಅಂಕ ಇಳಿದರೆ, ಇಳಿದಷ್ಟೂ ಫ್ಲೇರ್.

ಬೂದುಪಟ್ಟಿ:
ಎರಡೂ ಮಾಡಿದೆ, ಧನ್ಯವಾದ. ಪಿಪಿ8ರಲ್ಲಿ ಮೊದಲ ಮೆಟ್ಟಿಲು 221. ಕೆಳಗೆ 34ನೆಯದು 35, 37ನೆಯದು 30, 40ನೆಯದು 28. ಈಗ ಎಲ್ಲವೂ ಬೇರೆಬೇರೆ ಕಾಣುತ್ತಿವೆ. ಇದನ್ನು 13 ಸ್ಟಾಪ್ ಅನ್ನಬಹುದಾ? ಮತ್ತೆ ಪಿಪಿ7ರಲ್ಲಿ ಮೇಲಿನ ಒಂದೆರಡು ಮೆಟ್ಟಿಲು ರಿಸಾಲ್ವ್ (ಎಡಿಟಿಂಗ್ ಸಾಫ್ಟ್‌ವೇರ್) ಸ್ಕೋಪ್‌ನ ನೆತ್ತಿಗೆ ಅಂಟಿಕೊಂಡಿವೆ. ಪಿಪಿ8 ಕ್ಲಿಪ್ ಆಗದೆ ಪಿಪಿ7 ಯಾಕೆ ಆಗುತ್ತೆ?

ವೇವ್‌ಫಾರ್ಮ್:
ಪಿಪಿ7 ಕ್ಲಿಪ್ ಆಗಿಲ್ಲ. ಎಸ್-ಲಾಗ್2 100% ದಾಟಿ ಬರೆಯುತ್ತೆ, ಆ ಭಾಗವನ್ನು ಸ್ಕೋಪ್ ತೋರಿಸುತ್ತಿಲ್ಲ ಅಷ್ಟೇ. ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಡೇಟಾ ಲೆವೆಲ್ಸ್ ಅನ್ನು ಫುಲ್ ಮಾಡಿ, ಮೆಟ್ಟಿಲು ವಾಪಸ್ ಬರುತ್ತವೆ. ಮುಂದೆ ಪಿಪಿ5 (ಸಿನೆ1), ಪಿಪಿ6 (ಸಿನೆ2) ನೋಡುವಾಗಲೂ ಇದು ನೆನಪಿರಲಿ: ಸಿನೆ2 ಇರುವುದೇ 100% ಒಳಗೆ ನಿಲ್ಲಲಿ ಅಂತ, ಸಿನೆ1 ಹಾಗಲ್ಲ.

13 ಅನ್ನೋಕೆ ಆಗಲ್ಲ. ಕಂಡದ್ದೆಲ್ಲ ಎಣಿಕೆಗೆ ಬರಲ್ಲ. ಮೊದಲ ಮೆಟ್ಟಿಲು ಕ್ಲಿಪ್ ಅಂಚಿನಲ್ಲಿದ್ದರೆ ಎಸ್-ಲಾಗ್3ರ ಸೂತ್ರದ ಪ್ರಕಾರ 19ನೆಯದು 105 (ಅದೇ 18% ಬೂದು), 31ನೆಯದು 43, 34ನೆಯದು 33, 37ನೆಯದು 28.5, 40ನೆಯದು 26, ಪೂರ್ತಿ ಕಪ್ಪು 24. ನಿಮ್ಮದು ಕೆಳಗೆ ಒಂದೂವರೆ, ಎರಡು ಅಂಕ ಮೇಲಿದೆ. ಇನ್ನೂ ಸ್ವಲ್ಪ ಫ್ಲೇರ್ ಉಳಿದಿದೆ. 37 ಮತ್ತು 40ರ ನಡುವೆ ಪೂರ್ತಿ ಒಂದು ಸ್ಟಾಪ್ ಇದ್ದರೂ 8-ಬಿಟ್‌ನಲ್ಲಿ ಅದಕ್ಕೆ ಸಿಗುವುದು ಬರೀ ಎರಡೂವರೆ ಅಂಕ. ಗ್ರೇಡ್ ಮಾಡುವಾಗ ನೆರಳು ಎತ್ತಿದರೆ ಪಟ್ಟೆಪಟ್ಟೆ ಬರುವುದು ಇಲ್ಲೇ.

ಅಳೆಯುವ ಕ್ರಮ ಹೀಗೆ. ಲೆನ್ಸ್ ಕ್ಯಾಪ್ ಹಾಕಿ ಅದೇ ಸೆಟ್ಟಿಂಗ್‌ನಲ್ಲಿ ಒಂದು ಕ್ಲಿಪ್ ತೆಗೆಯಿರಿ. ಎರಡರಿಂದಲೂ 16-ಬಿಟ್ ಟಿಫ್ ಫ್ರೇಮ್ ತೆಗೆದು ಇಮೇಜ್‌ಜೆಯಲ್ಲಿ (ಚಿತ್ರ ಅಳೆಯುವ ಸಾಫ್ಟ್‌ವೇರ್) ತೆರೆಯಿರಿ. ಮೆಟ್ಟಿಲಿನ ಅಂಚು ಬಿಟ್ಟು ನಡುಭಾಗ ಆರಿಸಿ, ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್ (ನಾಯ್ಸ್‌ನ ಅಳತೆ) ಓದಿ. ಮೆಟ್ಟಿಲಿನ ಸರಾಸರಿಯಿಂದ ಕ್ಯಾಪ್ ಹಾಕಿದ ಸರಾಸರಿ ಕಳೆದು, ಡೀವಿಯೇಶನ್‌ನಿಂದ ಭಾಗಿಸಿ. ಉದಾಹರಣೆಗೆ ವ್ಯತ್ಯಾಸ 4.5, ಡೀವಿಯೇಶನ್ 1.5 ಆದರೆ ಅನುಪಾತ 3. ಇದು 2ಕ್ಕಿಂತ ಕೆಳಗಿಳಿಯುವ ಮೆಟ್ಟಿಲಿಗೇ ಎಣಿಕೆ ಮುಗಿಯಿತು. ಎಸ್-ಲಾಗ್3ಕ್ಕೆ ಈ ನೇರ ಲೆಕ್ಕ ನಡೆಯುತ್ತೆ, ಯಾಕೆಂದರೆ 18% ಬೂದುವಿಗಿಂತ 4 ಸ್ಟಾಪ್ ಕೆಳಗೆ ಅದರ ಕರ್ವ್ ನೇರ ಗೆರೆ. ಎಚ್‌ಎಲ್‌ಜಿ ಕೆಳಭಾಗ ವರ್ಗಮೂಲದ ಕರ್ವ್, ಅದನ್ನು ಮೊದಲು ಲೀನಿಯರ್ ಮಾಡಿಕೊಳ್ಳಲೇಬೇಕು.

ಡೀವಿಯೇಶನ್ ಸೊನ್ನೆಯ ಹತ್ತಿರ ಬಂದರೆ ಖುಷಿಪಡಬೇಡಿ. ವಿಡಿಯೋ ಒತ್ತಿ ಕುಗ್ಗಿಸುವ ಕೋಡೆಕ್ ನಾಯ್ಸ್‌ನ ಜೊತೆ ವಿವರವನ್ನೂ ನುಂಗಿದೆ ಅಂತ ಅರ್ಥ. 100 ಎಂಬಿಪಿಎಸ್ 8-ಬಿಟ್ ಫೈಲಿನಲ್ಲಿ ಕಪ್ಪು ಭಾಗಕ್ಕೆ ಇದು ಮಾಮೂಲು, ಆ ಮೆಟ್ಟಿಲನ್ನು ಲೆಕ್ಕಕ್ಕೇ ತಗೋಬೇಡಿ.

ಬೂದುಪಟ್ಟಿ:
ಸರಿ. ಪಿಪಿ ಆಫ್ ಐಎಸ್‌ಓ 100ರಲ್ಲಿ ಮತ್ತೆ ನೋಡಿದೆ. ಮೇಲಿನ ಅಂಚು ಪಿಪಿ8ರ ಹತ್ತಿರವೇ ಇದೆ, ನೀವು ಹೇಳಿದ ಹಾಗೆ. ಆದರೆ ನೆರಳಿನ ಮೆಟ್ಟಿಲುಗಳು ವಿಚಿತ್ರ: ಟೇಪ್ ಅಂಟಿಸಿದ ಕ್ಲಿಪ್‌ಗೂ ಅಂಟಿಸದ ಕ್ಲಿಪ್‌ಗೂ ನಡುಭಾಗದ ಮೆಟ್ಟಿಲುಗಳೇ ಬೇರೆ ಅಂಕ ಕೊಡುತ್ತಿವೆ. ಪಿಪಿ8ರಲ್ಲಿ ನಡುಭಾಗ ಅಲ್ಲಾಡಿರಲಿಲ್ಲ.

ಕಪ್ಪುಕಾಗದ:
ಡಿಆರ್‌ಓ (ನೆರಳನ್ನು ತಾನೇ ಎತ್ತುವ ಸೆಟ್ಟಿಂಗ್) ಆಫ್ ಇದೆಯಾ? ಪಿಕ್ಚರ್ ಪ್ರೊಫೈಲ್ ಆನ್ ಇದ್ದಾಗ ಕ್ಯಾಮೆರಾ ಅದನ್ನು ತಾನೇ ಆಫ್ ಮಾಡುತ್ತೆ, ಪಿಪಿ ಆಫ್ ಮಾಡಿದಾಗ ಮಾತ್ರ ಅದು ಬಾಗಿಲ ಹಿಂದಿನಿಂದ ಬಂದು ಕೂರುತ್ತೆ. ಫ್ರೇಮ್‌ನಲ್ಲಿ ಏನಿದೆ ನೋಡಿ ನೆರಳು ಎತ್ತುತ್ತೆ. ಪಿಪಿ1ರಿಂದ 4ರವರೆಗೆ ನೋಡುವಾಗ 'ನೀ' (Knee, ಹೈಲೈಟ್ ಅದುಮುವ ಸೆಟ್ಟಿಂಗ್) ಆಟೋದಲ್ಲಿದ್ದರೂ ಇದೇ ಕಾಟ, ಆದರೆ ಹೈಲೈಟ್ ಕಡೆ. ಮ್ಯಾನ್ಯುಯಲ್ ಮಾಡಿ, ಪಾಯಿಂಟ್ ಮತ್ತು ಸ್ಲೋಪ್ ಬರೆದಿಟ್ಟುಕೊಳ್ಳಿ.

ಬೂದುಪಟ್ಟಿ:
ಡಿಆರ್‌ಓ ಆಟೋದಲ್ಲೇ ಇತ್ತು. ಆಫ್ ಮಾಡಿ ಪಿಪಿ ಆಫ್ ಕ್ಲಿಪ್‌ಗಳನ್ನಷ್ಟೇ ಮತ್ತೆ ತೆಗೆಯುತ್ತೇನೆ.