ಜನವಾಸವೇ ಇಲ್ಲದ ಸೆಂಕಾಕು ದ್ವೀಪಗಳ ವಿಷಯದಲ್ಲಿ ಜಪಾನ್ ಮತ್ತು ಚೀನಾ ಏಕೆ ಪಟ್ಟು ಸಡಿಲಿಸುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಪೂರ್ವ ಚೀನಾ ಸಮುದ್ರದ ಸೆಂಕಾಕು ದ್ವೀಪಗಳ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗೆ ನನಗೇ ತೃಪ್ತಿಯಾಗುವಂತಹ ಉತ್ತರ ಕೊಡಲು ಆಗುತ್ತಿಲ್ಲ. ಜಪಾನಿನ ಆಡಳಿತದಲ್ಲಿರುವ ಈ ಐದು ದ್ವೀಪಗಳನ್ನೂ ಮೂರು ಬಂಡೆಗಳನ್ನೂ ಚೀನಾ ದಿಯಾವ್‌ಯು ಎಂಬ ಹೆಸರಿನಿಂದ ಕರೆದು ತನ್ನದೆನ್ನುತ್ತದೆ. ತೈವಾನ್ ಕೂಡ ಹಕ್ಕು ಸಾಧಿಸುತ್ತದೆ. ಅಲ್ಲಿ ಯಾರೂ ವಾಸಿಸುವುದಿಲ್ಲ. ಅತಿ ದೊಡ್ಡದಾದ ಉವೊತ್ಸುರಿಯ ವಿಸ್ತೀರ್ಣವೂ ನಾಲ್ಕು ಚದರ ಕಿಲೋಮೀಟರ್ ಮುಟ್ಟುವುದಿಲ್ಲ. ಆದರೂ 2024ರಲ್ಲಿ ಚೀನಾದ ಕರಾವಳಿ ಕಾವಲು ಪಡೆಯ ಹಡಗುಗಳು ಈ ದ್ವೀಪಗಳ ಸುತ್ತಲಿನ ನೀರಿನಲ್ಲಿ 355 ದಿನ ಕಾಣಿಸಿಕೊಂಡವು ಎಂದು ಜಪಾನ್ ಲೆಕ್ಕ ಕೊಟ್ಟಿದೆ. ಇದೆಲ್ಲ ಕೇವಲ ತೈಲಕ್ಕಾಗಿಯೇ? ಇಂಡೊನೇಷ್ಯಾ ಮತ್ತು ಮಲೇಷ್ಯಾ ತಮ್ಮ ದ್ವೀಪಗಳ ವ್ಯಾಜ್ಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದು ಬಗೆಹರಿಸಿಕೊಂಡಂತೆ ಇವರೇಕೆ ಮಾಡಬಾರದು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ವಕೀಲರು, ಧಾರವಾಡ)

ತೈಲವೊಂದೇ ಕಾರಣವಲ್ಲ, ಆದರೆ ತಕರಾರು ತಲೆಯೆತ್ತಿದ್ದು ತೈಲದ ಸುದ್ದಿ ಬಂದ ಮೇಲೆಯೇ ಎಂಬುದು ನಿಜ. ವಿಶ್ವಸಂಸ್ಥೆಯ ಅಂಗಸಂಸ್ಥೆಯೊಂದರ ಆಶ್ರಯದಲ್ಲಿ 1968ರಲ್ಲಿ ನಡೆದ ಸಮೀಕ್ಷೆ, ಈ ಸಮುದ್ರದ ತಳದಲ್ಲಿ ಹೇರಳವಾದ ತೈಲ ಇರಬಹುದೆಂದು ಸೂಚಿಸಿತು. ಆ ಬಳಿಕ 1971ರ ಜೂನ್‌ನಲ್ಲಿ ತೈವಾನ್, ಡಿಸೆಂಬರ್‌ನಲ್ಲಿ ಬೀಜಿಂಗ್ ಅಧಿಕೃತವಾಗಿ ಹಕ್ಕು ಮಂಡಿಸಿದವು. ಎರಡನೇ ಮಹಾಯುದ್ಧದ ನಂತರ ತನ್ನ ಹಿಡಿತದಲ್ಲಿದ್ದ ಒಕಿನಾವಾ ಜೊತೆಗೆ ಈ ದ್ವೀಪಗಳ ಆಡಳಿತವನ್ನೂ ಅಮೆರಿಕವು ಜಪಾನಿಗೆ ಮರಳಿಸಲು ಸಿದ್ಧವಾಗುತ್ತಿದ್ದ ಸಮಯವೂ ಅದೇ. ಹಸ್ತಾಂತರ ನಡೆದದ್ದು 1972ರ ಮೇ 15ರಂದು.

ನ್ಯಾಯಾಲಯದ ವಿಷಯಕ್ಕೆ ಬರೋಣ. ನಮ್ಮ ಸಿವಿಲ್ ಕೋರ್ಟುಗಳಲ್ಲಿ ಜಮೀನು ಯಾರ ಸ್ವಾಧೀನದಲ್ಲಿದೆಯೋ ಅವರು ತಾವಾಗಿ ದಾವೆ ಹೂಡಿ ತಮ್ಮ ಹಕ್ಕನ್ನು ಪರೀಕ್ಷೆಗೆ ಒಡ್ಡುವುದು ಅಪರೂಪ. ಜಪಾನಿನ ನಿಲುವೂ ಹಾಗೆಯೇ ಇದೆ. ಸೆಂಕಾಕು ಬಗ್ಗೆ ಬಗೆಹರಿಸಬೇಕಾದ ಸಾರ್ವಭೌಮತ್ವದ ವಿವಾದವೇ ಇಲ್ಲ ಎಂದು ಅದು ಹೇಳುತ್ತಾ ಬಂದಿದೆ; ವಿವಾದವೇ ಇಲ್ಲವೆಂದ ಮೇಲೆ ನ್ಯಾಯಾಲಯಕ್ಕೆ ಹೋಗುವ ಮಾತು ಬರುವುದಿಲ್ಲ. ಚೀನಾ ಅಂತರರಾಷ್ಟ್ರೀಯ ನ್ಯಾಯಾಲಯದ ಕಡ್ಡಾಯ ಅಧಿಕಾರ ವ್ಯಾಪ್ತಿಯನ್ನೇ ಒಪ್ಪಿಕೊಂಡಿಲ್ಲ. ಇದೇ ಜಪಾನ್, ದಕ್ಷಿಣ ಕೊರಿಯಾದ ವಶದಲ್ಲಿರುವ ದೊಕ್ದೊ ಅಥವಾ ತಾಕೆಷಿಮಾ ದ್ವೀಪಗಳ ವಿಷಯದಲ್ಲಿ 1954, 1962 ಮತ್ತು 2012ರಲ್ಲಿ ನ್ಯಾಯಾಲಯಕ್ಕೆ ಹೋಗೋಣ ಎಂದು ಕರೆದಿತ್ತು. ಅಲ್ಲಿ ವಿವಾದವೇ ಇಲ್ಲ ಎಂದು ನಿರಾಕರಿಸಿದ್ದು ಕೊರಿಯಾ. ಯಾರ ಕೈಯಲ್ಲಿ ನೆಲವಿದೆಯೋ ಅವರು ವಿವಾದವಿಲ್ಲ ಎನ್ನುತ್ತಾರೆ, ಇಲ್ಲದವರು ಇದೆ ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ಪಾಠ ಮಾಡಿದರೆ ವಿಷಯ ಬೇಗ ಮನದಟ್ಟಾಗುತ್ತದೆ.

ಚೀನಾದ ಹಡಗುಗಳು ದಿನವೂ ಬರುವುದರ ಅರ್ಥವೂ ಇಲ್ಲಿಯೇ ಇದೆ. ಸುಮ್ಮನಿದ್ದರೆ, ವಿವಾದವಿಲ್ಲ ಎಂಬ ಜಪಾನಿನ ಮಾತೇ ಕಾಲಕ್ರಮದಲ್ಲಿ ಎಲ್ಲರೂ ಒಪ್ಪಿದ ಸಂಗತಿಯಾಗಿಬಿಡುತ್ತದೆ. ವಿವಾದವಿದೆ ಎಂಬುದನ್ನು ಲೋಕದ ಕಣ್ಣಿಗೆ ಕಾಣಿಸುತ್ತಲೇ ಇರುವುದು ಆ ಹಡಗುಗಳ ಕೆಲಸ. ಆದರೆ ಕಾನೂನಿನ ದೃಷ್ಟಿಯಲ್ಲಿ ಇದಕ್ಕೆ ಹೆಚ್ಚು ಬೆಲೆಯಿಲ್ಲ. ತಾವು ಹೇಳಿದ ಇಂಡೊನೇಷ್ಯಾ–ಮಲೇಷ್ಯಾ ಪ್ರಕರಣದ 2002ರ ತೀರ್ಪಿನಲ್ಲಿ ಲಿಗಿಟಾನ್ ಮತ್ತು ಸಿಪಾಡಾನ್ ದ್ವೀಪಗಳು ಮಲೇಷ್ಯಾಕ್ಕೆ ದಕ್ಕಿದವು. ಅದಕ್ಕೆ ಆಧಾರವಾದದ್ದು ಆಮೆ ಮೊಟ್ಟೆ ಸಂಗ್ರಹಣೆಯನ್ನು ನಿಯಂತ್ರಿಸಿದ ಹಳೆಯ ಆಜ್ಞೆಗಳು, ಪಕ್ಷಿಧಾಮದ ಘೋಷಣೆ ಮತ್ತು ಕಟ್ಟಿ ನಿರ್ವಹಿಸಿದ ದೀಪಸ್ತಂಭಗಳು. ವಿವಾದ ಹುಟ್ಟಿದ 1969ರ ನಂತರ ತಮ್ಮ ಪಕ್ಷವನ್ನು ಬಲಪಡಿಸಿಕೊಳ್ಳಲೆಂದು ಮಾಡಿದ ಕೃತ್ಯಗಳನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ಇಂದಿನ ಗಸ್ತು ನಡೆಯುತ್ತಿರುವುದು ನ್ಯಾಯಾಧೀಶರಿಗಾಗಿ ಅಲ್ಲ. ಟೋಕಿಯೊ, ವಾಷಿಂಗ್ಟನ್ ಮತ್ತು ಚೀನಾದೊಳಗಿನ ಜನರಿಗಾಗಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 2 (ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ)

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಅದನ್ನಷ್ಟೇ ಓದಿದವರಿಗೆ, ಚೀನಾದ ವಾದವೆಲ್ಲ 1971ರಲ್ಲಿ ತೈಲದ ಆಸೆಗೆ ಹೊಸೆದದ್ದು ಎಂಬ ಭಾವನೆ ಬರಬಹುದು. ದಾಖಲೆಗಳು ಅಷ್ಟು ಸರಳವಾಗಿಲ್ಲ.

1895ರ ಜನವರಿ 14ರಂದು, ಯಾರಿಗೂ ಸೇರದ ನೆಲವೆಂದು ಹೇಳಿ ಜಪಾನಿನ ಮಂತ್ರಿಮಂಡಲ ಈ ದ್ವೀಪಗಳನ್ನು ಒಕಿನಾವಾ ಪ್ರಾಂತ್ಯಕ್ಕೆ ಸೇರಿಸಿತು. ಆಗ ಚೀನಾದೊಡನೆ ಯುದ್ಧ ನಡೆಯುತ್ತಿತ್ತು, ಜಪಾನ್ ಗೆಲ್ಲುವುದು ಬಹುಮಟ್ಟಿಗೆ ಖಚಿತವಾಗಿತ್ತು. ಆ ನಿರ್ಣಯವನ್ನು ಆಗ ಬಹಿರಂಗವಾಗಿ ಪ್ರಕಟಿಸಲೂ ಇಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 1885ರಲ್ಲಿ, ಅಲ್ಲಿ ರಾಷ್ಟ್ರೀಯ ಗುರುತಿನ ಕಂಬ ನೆಡುವ ಪ್ರಸ್ತಾವ ಬಂದಾಗ ವಿದೇಶಾಂಗ ಮಂತ್ರಿ ಇನೊಯೆ ಕವೊರು, ಚೀನಾದಲ್ಲಿ ಸಂಶಯ ಹುಟ್ಟೀತು, ಈಗ ಬೇಡ ಎಂದು ಪತ್ರ ಬರೆದು ತಡೆದಿದ್ದರು. ಯಾರಿಗೂ ಸೇರದ ನೆಲವಾಗಿದ್ದರೆ ಇಷ್ಟು ಅಳುಕೇಕೆ ಎಂದು ಚೀನೀ ವಿದ್ವಾಂಸರು ಕೇಳುವುದು ಈ ಪತ್ರವನ್ನು ಮುಂದಿಟ್ಟುಕೊಂಡೇ. 1534ರಲ್ಲಿ ರ‍್ಯೂಕ್ಯೂ ರಾಜ್ಯಕ್ಕೆ (ಇಂದಿನ ಒಕಿನಾವಾ) ಹೋದ ಚೀನಾದ ಮಿಂಗ್ ಅರಸರ ರಾಯಭಾರಿ ಚೆನ್ ಕಾನ್ ದಾರಿಯಲ್ಲಿ ಈ ದ್ವೀಪಗಳನ್ನು ದಾಟಿದ್ದನ್ನು ಬರೆದಿಟ್ಟಿದ್ದಾರೆ. ಕಂಡು ಬರೆದಿಟ್ಟ ಮಾತ್ರಕ್ಕೆ ಆಳಿದಂತಾಗುವುದಿಲ್ಲ ಎಂಬುದು ಜಪಾನಿನ ಉತ್ತರ. ಈ ಒಂದು ಅಂಶದಲ್ಲಿ ಜಪಾನಿನ ವಾದವೇ ಗಟ್ಟಿ ಎಂದು ನನಗನಿಸುತ್ತದೆ.

ಜಪಾನಿನ ಕಡೆಗೂ ಬಲವಾದ ಕಾಗದಗಳಿವೆ. ಕೊಗಾ ತತ್ಸುಷಿರೊ ಎಂಬ ಉದ್ಯಮಿ 1896ರಲ್ಲಿ ಗುತ್ತಿಗೆ ಪಡೆದು ಉವೊತ್ಸುರಿಯಲ್ಲಿ ಮೀನು ಒಣಗಿಸುವ ಕಾರ್ಖಾನೆ ನಡೆಸಿದರು, ಕಡಲಹಕ್ಕಿಗಳ ಗರಿಗಳನ್ನು ಮಾರಿದರು. ಒಂದು ಕಾಲಕ್ಕೆ ಅಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರು, 1940ರ ಹೊತ್ತಿಗೆ ಎಲ್ಲರೂ ಬಿಟ್ಟುಹೋದರು. ಬಿರುಗಾಳಿಗೆ ಸಿಕ್ಕಿ ಅಲ್ಲಿಗೆ ಬಂದು ಸೇರಿದ ಚೀನಾದ ಫುಜಿಯಾನ್‌ನ ಮೀನುಗಾರರನ್ನು ದ್ವೀಪವಾಸಿಗಳು ಉಳಿಸಿದ್ದಕ್ಕಾಗಿ ನಾಗಸಾಕಿಯ ಚೀನೀ ಕಾನ್ಸುಲ್ 1920ರಲ್ಲಿ ಕೃತಜ್ಞತಾ ಪತ್ರ ಬರೆದಾಗ, ಆ ಜಾಗವನ್ನು ಜಪಾನ್ ಸಾಮ್ರಾಜ್ಯದ ಒಕಿನಾವಾ ಪ್ರಾಂತ್ಯದ ಸೆಂಕಾಕು ದ್ವೀಪಗಳೆಂದೇ ನಮೂದಿಸಿದ್ದರು.

ಈಗಿನ ಉದ್ವಿಗ್ನತೆಗೆ ಮಾತ್ರ ನಾನು 1895ಕ್ಕಿಂತ 2012ನ್ನೇ ಹೆಚ್ಚು ಹೊಣೆ ಮಾಡುತ್ತೇನೆ. 1978ರಲ್ಲಿ ಟೋಕಿಯೊಗೆ ಬಂದಿದ್ದ ಚೀನಾದ ನಾಯಕ ದೆಂಗ್ ಷಿಯಾವೊಪಿಂಗ್, ನಮ್ಮ ಪೀಳಿಗೆಗೆ ಇದನ್ನು ಬಗೆಹರಿಸುವಷ್ಟು ಜಾಣ್ಮೆಯಿಲ್ಲ, ಮುಂದಿನ ಪೀಳಿಗೆಗೆ ಇದ್ದೀತು ಎಂಬರ್ಥದ ಮಾತನ್ನಾಡಿ ವಿಷಯವನ್ನು ಬದಿಗಿಟ್ಟರು. ಹಾಗೆ ಬದಿಗಿಡಲು ತಾನು ಒಪ್ಪಿಯೇ ಇರಲಿಲ್ಲವೆಂದು ಜಪಾನ್ ಹೇಳಿದರೂ, ಆ ಮೌನದಿಂದ ಎರಡೂ ದೇಶಗಳಿಗೆ ಬಹುಕಾಲ ಅನುಕೂಲವಾಗಿತ್ತು. 2012ರ ಏಪ್ರಿಲ್‌ನಲ್ಲಿ ಚೀನಾ ವಿರುದ್ಧ ಕಟು ನಿಲುವಿನ ಟೋಕಿಯೊ ಗವರ್ನರ್ ಇಷಿಹಾರಾ ಷಿಂತಾರೊ, ಖಾಸಗಿ ಒಡೆತನದಲ್ಲಿದ್ದ ಮೂರು ದ್ವೀಪಗಳನ್ನು ಮಹಾನಗರದ ಹೆಸರಿನಲ್ಲಿ ಖರೀದಿಸುವುದಾಗಿ ಸಾರಿದರು. ಅವರ ಕೈಗೆ ಸಿಕ್ಕರೆ ಅನಾಹುತವಾದೀತೆಂದು ಕೇಂದ್ರ ಸರ್ಕಾರವೇ ಸೆಪ್ಟೆಂಬರ್ 11ರಂದು 205 ಕೋಟಿ ಯೆನ್ ಕೊಟ್ಟು ಕೊಂಡುಕೊಂಡಿತು. ಉದ್ದೇಶ ಬೆಂಕಿ ಆರಿಸುವುದೇ ಇರಬಹುದು. ಆದರೆ ಎರಡೇ ದಿನ ಮೊದಲು ವ್ಲಾದಿವೊಸ್ತೊಕ್‌ನಲ್ಲಿ ಚೀನಾದ ಅಧ್ಯಕ್ಷ ಹು ಜಿಂತಾವೊ ಜಪಾನಿನ ಪ್ರಧಾನಿ ನೊದಾ ಅವರಿಗೆ ನೇರವಾಗಿ ಆಕ್ಷೇಪ ತಿಳಿಸಿದ್ದರು. ಚೀನಾದ ಹತ್ತಾರು ನಗರಗಳಲ್ಲಿ ಜಪಾನ್ ವಿರುದ್ಧ ಪ್ರತಿಭಟನೆಗಳು ಭುಗಿಲೆದ್ದವು. ಆವರೆಗೆ ಅಪರೂಪಕ್ಕೆ ಬರುತ್ತಿದ್ದ ಹಡಗುಗಳು ನಿತ್ಯ ಬರತೊಡಗಿದವು.

ಉತ್ತರ 3 (ವಾಣಿಜ್ಯ ಹಡಗಿನ ನಿವೃತ್ತ ಅಧಿಕಾರಿ, ಮಂಗಳೂರು)

ಪತ್ರಿಕೆಗಳಲ್ಲಿ ಎರಡು ವಲಯಗಳು ಕಲಸಿಹೋಗುವುದರಿಂದ ಇಷ್ಟು ಹೇಳಬೇಕೆನಿಸಿತು. ಪ್ರಶ್ನೆಯಲ್ಲಿರುವ 355 ದಿನಗಳ ಲೆಕ್ಕ, ದಡದಿಂದ 24 ನಾಟಿಕಲ್ ಮೈಲಿಯವರೆಗಿನ ಪಕ್ಕದ ವಲಯದ್ದು. ಅಲ್ಲಿ ಯಾವ ದೇಶದ ಹಡಗೂ ಸಂಚರಿಸಬಹುದು. 12 ಮೈಲಿಯೊಳಗಿನ ಪ್ರಾದೇಶಿಕ ಸಮುದ್ರಕ್ಕೆ ನುಗ್ಗುವುದು ಬೇರೆ ಮಾತು. ಅದು ನಡೆಯುತ್ತದೆ, ಆದರೆ ನಿತ್ಯವಲ್ಲ. ಇಷಿಗಾಕಿ ಬಂದರಿನಿಂದ ಸುಮಾರು 170 ಕಿಲೋಮೀಟರ್ ದೂರ ಬಂದ ಜಪಾನಿನ ಪುಟ್ಟ ಮೀನುಗಾರಿಕಾ ದೋಣಿಯೊಂದು ಒಳಗೆ ಬಲೆ ಬೀಸುತ್ತಿದೆ ಎಂದುಕೊಳ್ಳಿ. ಚೀನಾದ ಕಾವಲು ಹಡಗುಗಳು ಅದರ ಬೆನ್ನು ಹತ್ತುತ್ತವೆ, ಜಪಾನಿನ ಕಾವಲು ಹಡಗುಗಳು ನಡುವೆ ಅಡ್ಡ ನಿಲ್ಲುತ್ತವೆ. ಇದು ನಿಮ್ಮ ಜಲಪ್ರದೇಶವಲ್ಲ, ಹೊರಟುಹೋಗಿ ಎಂದು ಎರಡೂ ಕಡೆಯವರು ರೇಡಿಯೊದಲ್ಲಿ ಒಬ್ಬರಿಗೊಬ್ಬರು ಹೇಳುತ್ತಾರೆ. ಸಾವಿರಾರು ಟನ್ನಿನ ಹಡಗು ತಕ್ಷಣ ನಿಲ್ಲುವುದಿಲ್ಲ, ತಕ್ಷಣ ತಿರುಗುವುದೂ ಇಲ್ಲ. ಅಂತಹ ಹಡಗುಗಳು ಸಣ್ಣ ದೋಣಿಯ ಸುತ್ತ ಹತ್ತಿರ ಹತ್ತಿರ ಸುಳಿಯುವುದನ್ನು ನೆನೆದರೆ ನನಗೆ ಎದೆ ನಡುಗುತ್ತದೆ. 2010ರ ಸೆಪ್ಟೆಂಬರ್ 7ರಂದು ಚೀನಾದ ಒಂದು ಮೀನುಗಾರಿಕಾ ಹಡಗು ಜಪಾನಿನ ಕಾವಲು ಹಡಗುಗಳಿಗೆ ಗುದ್ದಿ, ಅದರ ನಾಯಕನ ಬಂಧನವಾದದ್ದಕ್ಕೆ ಎರಡು ದೇಶಗಳ ಸಂಬಂಧವೇ ಅಲ್ಲಾಡಿಹೋಗಿತ್ತು. 2021ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಚೀನಾದ ಕಾನೂನು, ತನ್ನದೆಂದು ಅದು ಭಾವಿಸುವ ನೀರಿನಲ್ಲಿ ವಿದೇಶಿ ಹಡಗುಗಳ ಮೇಲೆ ಆಯುಧ ಬಳಸಲು ಕಾವಲು ಪಡೆಗೆ ಅಧಿಕಾರ ಕೊಟ್ಟಿದೆ.

ದ್ವೀಪಗಳ ಸ್ಥಿತಿಯ ಬಗ್ಗೆಯೂ ಒಂದು ಮಾತು. 1978ರಲ್ಲಿ ಜಪಾನಿನ ಬಲಪಂಥೀಯ ಸಂಘಟನೆಯೊಂದು ಉವೊತ್ಸುರಿಯಲ್ಲಿ ಬಿಟ್ಟುಬಂದ ಒಂದು ಜೋಡಿ ಮೇಕೆಗಳು ನೂರಾರಾಗಿ ಬೆಳೆದು ಗಿಡಗಂಟಿಗಳನ್ನು ತಿಂದುಹಾಕಿವೆ, ಗುಡ್ಡದ ಮಣ್ಣು ಕುಸಿಯುತ್ತಿದೆ. ಆ ದ್ವೀಪವೊಂದರಲ್ಲೇ ಕಂಡುಬಂದಿರುವ ಬಿಲವಾಸಿ ಸಸ್ತನಿಯೊಂದು ಅಳಿವಿನ ಅಂಚಿನಲ್ಲಿದೆ. ರಾಜತಾಂತ್ರಿಕ ಕಾರಣಗಳಿಗಾಗಿ ಇಳಿಯಲು ಅನುಮತಿ ಸಿಗದಿರುವುದರಿಂದ ಮೇಕೆಗಳನ್ನು ಹಿಡಿದು ತರುವುದಕ್ಕೂ ಆಗಿಲ್ಲ. ನಮ್ಮದು ನಮ್ಮದು ಎನ್ನುವವರಲ್ಲಿ ಯಾರೂ ಆ ನೆಲವನ್ನು ನೋಡಿಕೊಳ್ಳಲಾಗದ ಸ್ಥಿತಿ ಬಂದಿರುವುದು ನನಗೆ ತೀರಾ ನೋವಿನ ಸಂಗತಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಡಗುಗಳು ಡಿಕ್ಕಿ ಹೊಡೆದು ಸಾವು ಸಂಭವಿಸಿದರೆ ಅಮೆರಿಕ ಯುದ್ಧಕ್ಕೆ ಇಳಿಯಲೇಬೇಕಾಗುತ್ತದೆಯೇ? ಒಪ್ಪಂದಕ್ಕೆ ದಾರಿಯೇ ಇಲ್ಲವೇ?

ಉತ್ತರ 4 (ಉತ್ತರ 1 ಬರೆದವರು)

ಒಂದು ಡಿಕ್ಕಿಯಿಂದ ತಾನಾಗಿಯೇ ಯುದ್ಧ ಬರುವುದಿಲ್ಲ. ಜಪಾನ್ ಮತ್ತು ಅಮೆರಿಕದ ನಡುವಿನ 1960ರ ಭದ್ರತಾ ಒಪ್ಪಂದದ ಐದನೆಯ ವಿಧಿ, ಜಪಾನಿನ ಆಡಳಿತದಲ್ಲಿರುವ ಪ್ರದೇಶದ ಮೇಲಿನ ಸಶಸ್ತ್ರ ದಾಳಿಗೆ ಅನ್ವಯವಾಗುತ್ತದೆ. ದ್ವೀಪಗಳ ಒಡೆಯರು ಯಾರೆಂಬ ಬಗ್ಗೆ ಅಮೆರಿಕ ಯಾವ ಪಕ್ಷವನ್ನೂ ವಹಿಸುವುದಿಲ್ಲ; ಆದರೆ ಆಡಳಿತ ಜಪಾನಿನದಾದ್ದರಿಂದ ಈ ವಿಧಿ ಸೆಂಕಾಕುವಿಗೂ ಅನ್ವಯಿಸುತ್ತದೆ ಎಂದು 2014ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಒಬಾಮ ಸ್ಪಷ್ಟಪಡಿಸಿದರು. ಗಸ್ತು ತಿರುಗುವ ಚೀನೀ ಹಡಗುಗಳು ನಿಧಾನವಾಗಿ ಸವೆಸಲು ನೋಡುತ್ತಿರುವುದು ಈ ಆಡಳಿತವನ್ನೇ. ಜಪಾನ್ ಮತ್ತು ಚೀನಾದ ರಕ್ಷಣಾ ಇಲಾಖೆಗಳ ನಡುವೆ 2018ರಿಂದ ಸಂಪರ್ಕ ವ್ಯವಸ್ಥೆಯಿದೆ, 2023ರಲ್ಲಿ ನೇರ ದೂರವಾಣಿಯೂ ಬಂತು. ಆದರೆ ದಿನವೂ ಮುಖಾಮುಖಿಯಾಗುವ ಕಾವಲು ಪಡೆಗಳು ಆ ವ್ಯವಸ್ಥೆಯೊಳಗೆ ಬರುವುದಿಲ್ಲ. ಮೊದಲು ತುಂಬಬೇಕಾದ ಕೊರತೆ ಇದೇ.

ಒಪ್ಪಂದಕ್ಕೆ ದಾರಿ ಖಂಡಿತ ಇದೆ. 2013ರ ಏಪ್ರಿಲ್‌ನಲ್ಲಿ ಜಪಾನ್ ಮತ್ತು ತೈವಾನ್, ಒಡೆತನದ ಪ್ರಶ್ನೆಯನ್ನು ಮುಟ್ಟದೆಯೇ, ದ್ವೀಪಗಳ 12 ಮೈಲಿ ವಲಯವನ್ನು ಹೊರಗಿಟ್ಟು, ಸುತ್ತಲಿನ ಸಮುದ್ರದಲ್ಲಿ ಮೀನುಗಾರಿಕೆ ಹಂಚಿಕೊಳ್ಳಲು ಒಪ್ಪಿದವು. ತಮ್ಮನ್ನು ಕೇಳದೆ ನೀರನ್ನು ಬಿಟ್ಟುಕೊಟ್ಟರೆಂದು ಒಕಿನಾವಾ ಮೀನುಗಾರರು ಸಿಟ್ಟಾದರು, ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಒಂದು ದೋಣಿಗೂ ಇನ್ನೊಂದಕ್ಕೂ ನಾಲ್ಕು ಮೈಲಿ ಅಂತರವಿರಬೇಕು ಎಂಬುದು ಅವರ ರೂಢಿ, ತೈವಾನಿನವರಿಗೆ ಒಂದು ಮೈಲಿ ಸಾಕು. ಈ ಅಂತರ ಎಷ್ಟಿರಬೇಕು, ಯಾವ ಭಾಗದಲ್ಲಿ ಯಾರ ಪದ್ಧತಿ ನಡೆಯಬೇಕು ಎಂಬುದನ್ನು ಜಂಟಿ ಸಮಿತಿಯೊಂದು ಸಭೆ ಸೇರಿ ಚರ್ಚಿಸುತ್ತದೆ.