ಕಬ್ಬೆಕ್ಕಿನ ಮುತ್ತಜ್ಜ ಬೆಲ್ಜಿಯಂನವನಾ?

ಮೂಡಿಗೆರೆ ತೋಟದವ: ಬೆಲ್ಜಿಯಂನ ಡೋರ್ಮಾಲ್‌ನಲ್ಲಿ ಸಿಕ್ಕ ಡೋರ್ಮಾಲೋಸಿಯಾನ್ ಅನ್ನೋ ಪ್ರಾಣಿಯ ಪಳೆಯುಳಿಕೆ ಬಗ್ಗೆ ಓದಿದೆ. 5.5 ಕೋಟಿ ವರ್ಷ ಹಳೇದು, ತೂಕ ಒಂದು ಕೆಜಿ ಆಸುಪಾಸು, ಮರದ ಮೇಲೇ ವಾಸ. ಥೇಟ್ ನಮ್ಮ ತೋಟದ ಕಬ್ಬೆಕ್ಕು! ಹುಲಿ, ನಾಯಿ, ಕರಡಿ, ಕಬ್ಬೆಕ್ಕು, ಇಡೀ ಮಾಂಸಾಹಾರಿ ಗುಂಪಿಗೇ ಇದೇ ಮುತ್ತಜ್ಜ.

ಹಾಸನದ ಮೇಷ್ಟ್ರು: ಮುತ್ತಜ್ಜ ಅಂತ ಯಾರು ಹೇಳಿದರು ಸ್ವಾಮಿ? ಅದರ ಬಗ್ಗೆ ಬಂದ 2014ರ ಸಂಶೋಧನಾ ಲೇಖನದಲ್ಲಿ ಇರುವುದು ಆ ಗುಂಪಿನ ಮೂಲಕ್ಕೆ ಹತ್ತಿರದ ಪ್ರಾಣಿ ಅಂತ. ಮುತ್ತಜ್ಜನ ದಾಯಾದಿ ಅಂದುಕೊಳ್ಳಿ. ಸಿಕ್ಕಿದ್ದು ಹಲ್ಲು, ಹಾಲುಹಲ್ಲು, ಪಾದದ ಕೀಲಿನ ಮೂಳೆ. ಮರ ಹತ್ತುತ್ತಿತ್ತು ಅನ್ನುವುದು ಆ ಮೂಳೆ ನೋಡಿ ಹೇಳಿದ್ದು. ಇದಕ್ಕಿಂತ ಹಳೇ ನೆಂಟರಾದ ವೈವೆರಾವಿಡ್‌ಗಳು ಉತ್ತರ ಅಮೆರಿಕದಲ್ಲಿ ಸಿಕ್ಕಿವೆ.

ಬೇಲೂರು ಬುಲೆಟ್: ಕಬ್ಬೆಕ್ಕು ಅಂದರೆ ಪುನುಗು ಬೆಕ್ಕು ತಾನೇ? ಸರಿಯಾದ ಹೆಸರು ಬರೆಯಿರಿ.

ಮೂಡಿಗೆರೆ ತೋಟದವ: ಅದು ಬೇರೆ, ಇದು ಬೇರೆ ಮಾರಾಯ. ಪುನುಗಿನ ಬಾಲದಲ್ಲಿ ಬಳೆ ಬಳೆ, ಓಡಾಟ ಜಾಸ್ತಿ ನೆಲದ ಮೇಲೆ. ಕಬ್ಬೆಕ್ಕಿನ ಬಾಲ ಪೂರ್ತಿ ಕಪ್ಪು. ಕಾಫಿ ಕುಯ್ಲಿನ ಹೊತ್ತಿಗೆ ಬಾ, ಬಂಡೆ ಮೇಲೆ ಅದರ ಹಿಕ್ಕೆ ತೋರಿಸುತ್ತೇನೆ. ಹಣ್ಣೆಲ್ಲ ಕರಗಿ, ಬೀಜ ಪಾರ್ಚ್‌ಮೆಂಟ್ ಸಿಪ್ಪೆ ಸಮೇತ ಕಡಲೆಮಿಠಾಯಿ ಥರ ಅಂಟಿಕೊಂಡಿರುತ್ತದೆ.

ಬೇಲೂರು ಬುಲೆಟ್: ಹಣ್ಣು ತಿನ್ನೋದು ಮಾಂಸಾಹಾರಿ ಗುಂಪಲ್ಲಿ ಹೇಗೆ ಬಂತು? ನೀವೇ ಸಿಕ್ಕಿಬಿದ್ದಿರಿ!

ಹಾಸನದ ಮೇಷ್ಟ್ರು: ಅಯ್ಯೋ, ಗುಂಪು ಗೊತ್ತಾಗುವುದು ಊಟದಿಂದ ಅಲ್ಲಪ್ಪ, ಹಲ್ಲಿನಿಂದ. ಮೇಲಿನ ಕೊನೇ ಮುಂದವಡೆ ಹಲ್ಲು, ಕೆಳಗಿನ ಮೊದಲ ಹಿಂದವಡೆ ಹಲ್ಲು, ಇವೆರಡೂ ಸೇರಿ ಕತ್ತರಿ. ಕಬ್ಬೆಕ್ಕಿನದು ಸ್ವಲ್ಪ ಮೊಂಡು ಕತ್ತರಿ, ಆದರೆ ಜಾಗ ಅದೇ. ಹೈನೊಡಾಂಟ್‌ ಅನ್ನುವ ಅಳಿದುಹೋದ ಮಾಂಸಭಕ್ಷಕಗಳಿಗೂ ಕತ್ತರಿ ಇತ್ತು, ಅದು ಇನ್ನೂ ಹಿಂದಿನ ಹಲ್ಲುಗಳಲ್ಲಿ. ಅದಕ್ಕೇ ಅವು ಬೇರೆ ಕವಲು.

ಕಾಫಿನಾಡ ಕಿಟ್ಟಿ: ಹೈನೊಡಾಂಟ್ ಅಂದರೆ ಕತ್ತೆಕಿರುಬದ ಅಜ್ಜ. ಗುಜರಾತಿನ ವಸ್ತಾನ್ ಗಣಿಯಲ್ಲೇ ಇಂಡೋಹೈನೊಡಾನ್ ಸಿಕ್ಕಿದೆ. ಬೆಲ್ಜಿಯಂ ಯಾಕೆ ಬೇಕು?

ಹಾಸನದ ಮೇಷ್ಟ್ರು: ಹೆಸರು ನೋಡಿ ಹೆಣ್ಣು ಕೊಟ್ಟ ಹಾಗಾಯ್ತು! ಕತ್ತೆಕಿರುಬ ಬೆಕ್ಕಿನ ಕಡೆಯ ನೆಂಟ. ಹೈನೊಡಾಂಟ್‌ಗಳ ವಂಶವೇ ಈಗಿಲ್ಲ. ವೈವೆರಾವಿಡ್ ಗುಂಪಿನ ವೈವೆರಾವಸ್ ಅಂದರೂ ಪುನುಗಿನ ಅಜ್ಜ ಅಂತಲೇ ಅರ್ಥ, 1872ರಲ್ಲಿ ಪಳೆಯುಳಿಕೆ ವಿಜ್ಞಾನಿ ಮಾರ್ಶ್ ಇಟ್ಟ ಹೆಸರು. ಈಗ ಅದನ್ನು ಪುನುಗಿನ ಅಜ್ಜ ಅಂತ ಯಾರೂ ಒಪ್ಪಲ್ಲ.

ಬೇಲೂರು ಬುಲೆಟ್: ನೋಡಿ, ಮೇಷ್ಟ್ರೇ ಪುನುಗು ಅಂದರು! ಕಬ್ಬೆಕ್ಕು ಅನ್ನಲಿಲ್ಲ.

ಮೂಡಿಗೆರೆ ತೋಟದವ: ತಲೆ ಕೆಟ್ಟಿದೆಯಾ ನಿನಗೆ? ತಗೋ, ನಿನ್ನೆ ರಾತ್ರಿ ಅಟ್ಟದ ಮೇಲೆ ತೆಗೆದ ಫೋಟೋ.

ಕಾಫಿನಾಡ ಕಿಟ್ಟಿ: ವಸ್ತಾನ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ.

ಬೇಲೂರು ಬುಲೆಟ್: ಫೋಟೋದಲ್ಲಿ ಬಾಲ ಒಂದೇ ಇದೆ. ಕೆಂದಳಿಲು ಇದ್ದರೂ ಇರಬಹುದು.